ಮಳೆ ಅಳೆಯುವ ಊರಿನಲ್ಲಿ ಗಾಳಿ ಅಳೆದದ್ದು

ಕಳೆದ ವಾರ ಪ್ರಿನ್ಸಿಪಾಲರು ಕರೆದು, "ಮೇಡಂ, ಕೊರೋನಾ ಟೈಮಲ್ಲಿ ನಾವು ಕ್ಲಾಸ್ ಹೇಗೆ ಮಾಡಿದ್ವಿ ಅಂತ ಎರಡು ಪೇಜ್ ಬರೆದುಕೊಡಿ, ನ್ಯಾಕ್ ಫೈಲಿಗೆ ಬೇಕು" ಅಂದರು. ನ್ಯಾಕ್ ಅಂದರೆ ಕಾಲೇಜುಗಳಿಗೆ ಗ್ರೇಡ್ ಕೊಡುವ ರಾಷ್ಟ್ರೀಯ ಸಂಸ್ಥೆ. ಬರೆದುಕೊಟ್ಟೆ. ಸ್ಯಾನಿಟೈಸರ್ ಸ್ಟ್ಯಾಂಡ್ ಇಟ್ಟೆವು, ಗೇಟಿನಲ್ಲಿ ಜ್ವರ ನೋಡಿದೆವು, ಬೆಂಚಿಗೆ ಒಬ್ಬರಂತೆ ಕೂರಿಸಿದೆವು, ಹೀಗೆ. ಜೊತೆಗೆ ನಾಲ್ಕು ಫೋಟೋ. ಫೋಟೋದಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡಿದ್ದಾರೆ, ಅದರಲ್ಲಿ ನಾನು ಎಲ್ಲಿದ್ದೇನೆ ಅಂತ ನನಗೇ ತಕ್ಷಣ ಗೊತ್ತಾಗಲಿಲ್ಲ. ಸೀರೆ ನೋಡಿ ಗುರುತು ಹಿಡಿದೆ.

ಬರೆದದ್ದು ಯಾವುದೂ ಸುಳ್ಳಲ್ಲ. ಆದರೂ ಮನೆಗೆ ಬಂದು ಕಾಫಿ ಕುಡಿಯುವಾಗ ಏನೋ ಕಿರಿಕಿರಿ. ಆ ಎರಡು ಪೇಜಿನಲ್ಲಿ ಇರುವುದೆಲ್ಲ ಬಿಲ್ ಇರುವ ಸಾಮಾನು. ಕೊನೆಗೆ ನಮ್ಮ ಕೆಲಸಕ್ಕೆ ಬಂದ ಸ್ಕ್ರೂಡ್ರೈವರ್, ಎಂಟು ತಗಡಿನ ಶೀಟು, ಒಬ್ಬ ಹುಡುಗನ ಮನೆಯ ಮಳೆ ಲೆಕ್ಕದ ಪುಸ್ತಕ, ಇವು ಯಾವುವೂ ಫೈಲಿನಲ್ಲಿ ಇಲ್ಲ. ಈಗ ಮತ್ತೆ ಮಳೆ ಹಿಡಿದಿದೆ. ಸೆಕೆಂಡ್ ಬಿಎಸ್ಸಿಯಲ್ಲಿ ಅರ್ಧ ಕ್ಲಾಸು ಕೆಮ್ಮುತ್ತಿದೆ. ಕೊರೋನಾ ಅಲ್ಲ, ಮಾಮೂಲಿ ಜ್ವರ ಅಂತಾರೆ, ಇರಲಿ. ಹಾಗಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ನಾನು ಪಾಠ ಮಾಡುವುದು ದಕ್ಷಿಣ ಕೊಡಗಿನ ಒಂದು ಡಿಗ್ರಿ ಕಾಲೇಜಿನಲ್ಲಿ, ಕೆಮಿಸ್ಟ್ರಿ. ಆಗ ನಾವೆಲ್ಲ ಮಂಗಳೂರು ವಿಶ್ವವಿದ್ಯಾಲಯದ ಕೆಳಗೆ ಇದ್ದೆವು, ಕೊಡಗಿಗೇ ಬೇರೆ ಯೂನಿವರ್ಸಿಟಿ ಆದದ್ದು 2023ರಲ್ಲಿ. ನಮ್ಮ ಮಕ್ಕಳು ಕುಟ್ಟ, ಶ್ರೀಮಂಗಲ, ಪಾಲಿಬೆಟ್ಟ, ಸಿದ್ದಾಪುರ ಅಂತ ನಾಲ್ಕೂ ಕಡೆಯಿಂದ ಬಸ್ಸಿನಲ್ಲಿ ಬರುವವರು. ತೋಟದ ಮಾಲೀಕರ ಮಗ, ಅದೇ ತೋಟದ ಕೂಲಿಯವರ ಲೈನ್ ಮನೆಯ ಹುಡುಗಿ, ಇಬ್ಬರೂ ಒಂದೇ ಕ್ಲಾಸಿನಲ್ಲಿ ಇರುತ್ತಾರೆ.

2020ರ ಮಾರ್ಚಿನಲ್ಲಿ ಬಾಗಿಲು ಹಾಕಿದೆವು. ಆಮೇಲಿನ ಆನ್‌ಲೈನ್ ಕತೆ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಇಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋಗುವುದನ್ನು ಬಿಟ್ಟು ಬೇರೆ ಕೆಲಸ ಮಾಡುವುದಿಲ್ಲ. ಶನಿವಾರಸಂತೆ ಹತ್ತಿರದ ಮುಳ್ಳೂರಿನಲ್ಲಿ ಒಬ್ಬರು ಮೇಷ್ಟ್ರು ನೆಟ್‌ವರ್ಕ್ ಸಿಗಲಿ ಅಂತ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಪಾಠ ಮಾಡಿದ್ದು ಪೇಪರಿನಲ್ಲೆಲ್ಲ ಬಂದಿತ್ತು. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಕಾಫಿ ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು, "ಮ್ಯಾಮ್, ನೀವು ಹೇಳಿದ್ದು ಬೆಂಜೀನಾ ಬೆಂಗಳೂರಾ?" ಅಂತ ಕೇಳಿದ್ದ. ಆಗಲೇ ನಿರ್ಧಾರ ಮಾಡಿದ್ದೆ, ಕಾಲೇಜು ತೆರೆಯಲು ಬಿಟ್ಟ ಮೊದಲ ದಿನವೇ ಇವರನ್ನು ಕ್ಲಾಸಿಗೆ ಕರೆಸಬೇಕು ಅಂತ.

ಆ ದಿನ ಬಂದದ್ದು 2020ರ ನವೆಂಬರ್ 17ಕ್ಕೆ. ಬರುವುದು ಕಡ್ಡಾಯ ಅಲ್ಲ, ಬರುವವರು ಅಪ್ಪ ಅಮ್ಮನ ಒಪ್ಪಿಗೆ ಪತ್ರ ತರಬೇಕು, ಟೆಸ್ಟ್ ರಿಪೋರ್ಟ್ ತರಬೇಕು. ನನ್ನ ಕ್ಲಾಸಿಗೆ ಮೊದಲ ದಿನ ಬಂದವರು ಏಳು ಜನ. ಗೇಟಿನಲ್ಲಿ ನಮ್ಮ ಅಟೆಂಡರ್ ಅಣ್ಣ ಥರ್ಮಲ್ ಗನ್ ಹಿಡಿದು ನಿಂತಿದ್ದರು, ಮದುವೆ ಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರ ಹಾಗೆ. ನವೆಂಬರ್ ಬೆಳಗ್ಗಿನ ಮಂಜಿನಲ್ಲಿ ಎರಡು ಕಿಲೋಮೀಟರ್ ನಡೆದು, ಬಸ್ಸು ಹಿಡಿದು, ಮತ್ತೆ ನಡೆದು ಬಂದ ಮಕ್ಕಳ ಹಣೆ ತಣ್ಣಗೆ ಐಸ್ ಥರ ಇರುತ್ತಿತ್ತು. ಗನ್ನು ಎಲ್ಲರಿಗೂ 33, 34 ಡಿಗ್ರಿ ಸೆಲ್ಸಿಯಸ್ ಅಂತ ತೋರಿಸುತ್ತಿತ್ತು. ಆ ಲೆಕ್ಕದಲ್ಲಿ ಅವರೆಲ್ಲ ಆಸ್ಪತ್ರೆಯಲ್ಲಿ ಇರಬೇಕಾಗಿತ್ತು! "ಜ್ವರ ಇಲ್ಲ ಮೇಡಂ, ಎಲ್ಲ ಕಡಿಮೆಯೇ ಇದೆ" ಅಂತ ಅಣ್ಣ ಖುಷಿಯಿಂದ ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು.

ನಾನೇನು ಕಡಿಮೆ ಇರಲಿಲ್ಲ. ಲ್ಯಾಬಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾ ಇಟ್ಟುಕೊಂಡು ನಾನೇ ಸ್ಯಾನಿಟೈಸರ್ ಮಾಡಿದ್ದೆ. ಎಥನಾಲ್ ಶೇಕಡಾ 80, ಗ್ಲಿಸರಾಲ್ 1.45, ಹೈಡ್ರೋಜನ್ ಪೆರಾಕ್ಸೈಡ್ 0.125. ದೊಡ್ಡ ಕ್ಯಾನಿನಲ್ಲಿ ತುಂಬಿ, ಲೇಬಲ್ ಅಂಟಿಸಿ, ಎಲ್ಲ ಡಿಪಾರ್ಟ್‌ಮೆಂಟಿಗೂ ಹಂಚಿದೆ. ಅಷ್ಟು ಹೆಮ್ಮೆ ನನಗೆ ಪಿಎಚ್‌ಡಿ ಸಿಕ್ಕಾಗಲೂ ಆಗಿರಲಿಲ್ಲ. ಪ್ರತಿ ಪೀರಿಯಡ್ ಮುಗಿದಾಗ ಬೆಂಚು, ಬಾಗಿಲ ಚಿಲಕ, ಚಾಕ್ ಡಬ್ಬಿ ಎಲ್ಲ ಒರೆಸುತ್ತಿದ್ದೆವು. ಆಮೇಲೆ 2021ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದೇನೆಂದರೆ, ವೈರಸ್ ಇರುವ ಜಾಗ ಮುಟ್ಟಿ ಸೋಂಕು ತಗಲುವುದು 10,000 ಸಲ ಮುಟ್ಟಿದರೆ ಒಂದು ಸಲಕ್ಕಿಂತಲೂ ಕಡಿಮೆ. ಬೆಂಚು ಒರೆಸಿ ಒರೆಸಿ ಪಾಲಿಶ್ ಹೋಗಿದ್ದೇ ಬಂತು.

ತಪ್ಪು ನಮ್ಮದೊಂದೇ ಅಂತ ಹೇಳಲಾರೆ. 2020ರ ಮಾರ್ಚ್ 28ಕ್ಕೆ ವಿಶ್ವ ಆರೋಗ್ಯ ಸಂಸ್ಥೆಯೇ ಇದು ಗಾಳಿಯಲ್ಲಿ ಹರಡುವ ರೋಗ ಅಲ್ಲ ಅಂತ ದೊಡ್ಡ ಅಕ್ಷರದಲ್ಲಿ ಟ್ವೀಟ್ ಮಾಡಿತ್ತು. ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಇಲ್ಲ ಸ್ವಾಮಿ, ಗಾಳಿಯಲ್ಲಿ ಹರಡುತ್ತದೆ, ಗಮನ ಕೊಡಿ ಅಂತ ಪತ್ರ ಬರೆದರು. ಸಂಸ್ಥೆ ತನ್ನ ಮಾತನ್ನು ಸರಿಯಾಗಿ ತಿದ್ದಿಕೊಳ್ಳುವಷ್ಟರಲ್ಲಿ 2021ರ ಏಪ್ರಿಲ್ ಮುಗಿದಿತ್ತು. ಅಷ್ಟು ದೊಡ್ಡವರೇ ವರ್ಷ ತೆಗೆದುಕೊಂಡಾಗ ನಮ್ಮ ಕಾಲೇಜಿನ ಕಮಿಟಿ ಎಷ್ಟು ತೆಗೆದುಕೊಳ್ಳಬೇಡ?

ಆ ಚಳಿಗಾಲ ಹೇಗೋ ಚೆನ್ನಾಗಿಯೇ ಕಳೆಯಿತು. ನಮ್ಮ ಸುಗ್ಗಿ ಹಬ್ಬ ಪುತ್ತರಿ ಮುಗಿದು ಕಾಫಿ ಕೊಯ್ಲು ಶುರುವಾಗಿತ್ತು, ಅರ್ಧ ಮಕ್ಕಳು ತೋಟದಲ್ಲಿ. ಬಂದ ಹತ್ತು ಹದಿನೈದು ಜನರನ್ನು ಜಗಲಿಯಲ್ಲಿ, ಬಿಸಿಲು ಬೀಳುವ ಕಡೆ ಕೂರಿಸಿ ಪಾಠ ಮಾಡುತ್ತಿದ್ದೆ, ರೋಗದ ಭಯಕ್ಕಿಂತ ಚಳಿಯ ಕಾರಣಕ್ಕೆ. ಒಳಗೆ ಕೂತರೂ ಕಿಟಕಿ ಬಾಗಿಲು ತೆರೆದೇ ಇರುತ್ತಿದ್ದವು. ಒಬ್ಬರಿಗೂ ಏನೂ ಆಗಲಿಲ್ಲ. ನೋಡಿ, ನಮ್ಮ ಸ್ಯಾನಿಟೈಸರ್ ಕೆಲಸ ಮಾಡಿತು ಅಂತ ನಾವು ಅಂದುಕೊಂಡೆವು.

ಎರಡನೇ ಅಲೆಯ ಬಗ್ಗೆ ಬರೆಯುವುದಿಲ್ಲ. ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು, ಅಷ್ಟೇ ಹೇಳುತ್ತೇನೆ.

ಆ ಮೇ ತಿಂಗಳು ಮನೆಯಲ್ಲಿ ಕೂತು ಓದುವುದನ್ನು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ ಆಗ ಒಂದು ಸಣ್ಣ ಸಲಹೆ ಪತ್ರ ಹೊರಡಿಸಿತ್ತು, ಚಿತ್ರ ಎಲ್ಲ ಹಾಕಿ. ಸೋಂಕಿದ್ದವರ ಬಾಯಿಂದ ಬೀಳುವ ದೊಡ್ಡ ಹನಿ ಎರಡು ಮೀಟರ್ ಒಳಗೆ ಬೀಳುತ್ತದೆ, ಆದರೆ ತೀರಾ ಸಣ್ಣ ಕಣಗಳು ಗಾಳಿಯಲ್ಲಿ 10 ಮೀಟರ್‌ವರೆಗೂ ಹೋಗಬಹುದು, ಅದಕ್ಕೆ ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ ಅಂತ ಅದರಲ್ಲಿ ಇತ್ತು. ನನ್ನ ಕ್ಲಾಸ್ ರೂಮಿನ ಉದ್ದ ಒಂಬತ್ತು ಮೀಟರ್. ಅಂದರೆ ಮೊದಲ ಬೆಂಚಿನವನ ಉಸಿರು ಕೊನೆ ಬೆಂಚಿಗೂ ಉಂಟು. ಆರು ಅಡಿ ಅಂತರ ಬಿಟ್ಟು ನೆಲಕ್ಕೆ ಹಳದಿ ಬಣ್ಣದಲ್ಲಿ ಬರೆದ ವೃತ್ತಗಳು ನೆನಪಾಗಿ ನಗು ಬಂತು.

ಇನ್ನೊಂದು ಓದಿದ್ದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಹಾಡಿನ ತಂಡದ ವಿಷಯ. 2020ರ ಮಾರ್ಚ್ 10ರಂದು 61 ಜನ ಒಂದು ಹಾಲಿನಲ್ಲಿ ಎರಡೂವರೆ ಗಂಟೆ ಹಾಡು ಅಭ್ಯಾಸ ಮಾಡಿದರು. ಅವರಲ್ಲಿ 53 ಜನಕ್ಕೆ ಕಾಯಿಲೆ ಬಂತು, ಇಬ್ಬರು ತೀರಿಕೊಂಡರು. ಅಕ್ಕಪಕ್ಕ ಕೂತವರಿಗೆ ಮಾತ್ರ ಹರಡುವ ರೋಗವಾಗಿದ್ದರೆ ಅಷ್ಟು ಜನಕ್ಕೆ ಬರಲು ಸಾಧ್ಯವಾ? ಮಳೆಗಾಲದಲ್ಲಿ ಕಿಟಕಿ ಮುಚ್ಚಿದ ಬಸ್ಸಿನ ಹಿಂದಿನ ಸೀಟಿನಲ್ಲಿ ಒಬ್ಬ ಬೀಡಿ ಹಚ್ಚಿದರೆ ಡ್ರೈವರಿಗೂ ವಾಸನೆ ಬರುತ್ತದೆ ಅಲ್ವಾ, ಹಾಗೆ. ಬೀಡಿ ಸೇದುವವನಿಂದ ಆರು ಅಡಿ ದೂರ ಕೂತರೆ ಹೊಗೆ ಬರುವುದಿಲ್ಲ ಅಂತ ಯಾರೂ ಹೇಳುವುದಿಲ್ಲ. ಎಲ್ಲರೂ ಹೇಳುವುದು ಒಂದೇ: ಶಟರ್ ಎತ್ತು ಮಾರಾಯ.

ಸರಿ, ಶಟರ್ ಎತ್ತೋಣ. ಆದರೆ ಯಾವಾಗ?

ರಾಜ್ಯದಲ್ಲಿ ಡಿಗ್ರಿ ಕಾಲೇಜು ಮತ್ತೆ ತೆರೆಯಲು ಹೇಳಿದ್ದು 2021ರ ಜುಲೈ 26ರಿಂದ, ಒಂದು ಡೋಸ್ ಆದರೂ ಲಸಿಕೆ ಹಾಕಿಸಿಕೊಂಡವರಿಗೆ. ಬೆಂಗಳೂರಿನಲ್ಲಿ ಕೂತವರಿಗೆ ಜುಲೈ ಕೊನೆ ಅಂದರೆ ಒಂದು ತಾರೀಖು. ನಮಗೆ ಅದು ಕಕ್ಕಡ, ಕೊಡವ ಲೆಕ್ಕದ ಜಡಿಮಳೆಯ ತಿಂಗಳು. ಎದುರು ಮನೆ ಕಾಣದಷ್ಟು ಮಳೆ, ಅದೂ ನೆಟ್ಟಗೆ ಬೀಳುವ ಮಳೆ ಅಲ್ಲ, ಗಾಳಿಯ ಜೊತೆ ಅಡ್ಡ ಬಂದು ಕಿಟಕಿಯಿಂದ ಒಳಗೆ ನುಗ್ಗಿ ಮೂರನೇ ಬೆಂಚಿನ ತನಕ ಒದ್ದೆ ಮಾಡುವ ಮಳೆ. ಮಕ್ಕಳು ಬರಲು ಶುರು ಮಾಡಿದ್ದು ಆಗಸ್ಟಿನಲ್ಲಿ. ಆಗಸ್ಟ್ 3 ಅಂದರೆ ಕಕ್ಕಡ ಹದಿನೆಂಟು, ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ. ಮಾರನೆಯ ದಿನ ಒಬ್ಬಳು ಅದನ್ನು ಟಿಫಿನ್ ಡಬ್ಬಿಯಲ್ಲಿ ತಂದಿದ್ದಳು. ನಾನು ಬಾಗಿಲು ತಳ್ಳಿ ಒಳಗೆ ಹೋದಾಗ ನೋಡಿದ್ದು ಇದು: ನಾಲ್ಕೂ ಕಿಟಕಿ ಗಟ್ಟಿಯಾಗಿ ಮುಚ್ಚಿದೆ, ಗಾಜಿನ ಮೇಲೆ ಉಸಿರಿನ ಹಬೆ ಕೂತಿದೆ, ಎಂಟು ಜನ ಮಾಸ್ಕ್ ಗಲ್ಲಕ್ಕೆ ಎಳೆದುಕೊಂಡು ಒಂದೇ ಡಬ್ಬಿಯ ಸುತ್ತ ಮುಗಿಬಿದ್ದಿದ್ದಾರೆ, ನಾಲಿಗೆ ತುಟಿ ಎಲ್ಲ ನೇರಳೆ. "ಮ್ಯಾಮ್, ನಿಮಗೂ ಇಟ್ಟಿದ್ದೇವೆ" ಅಂದರು. ಬೈಯಬೇಕಾಗಿತ್ತು. ತಿಂದೆ. ಜಗಲಿಗೆ ಹೋಗಿ ತಿಂದೆ, ಅಷ್ಟಾದರೂ ಬುದ್ಧಿ ಇತ್ತು.

ಕಿಟಕಿ ತೆರೆಯಿರಿ ಅಂದೆ. ತೆರೆದರು, ಎರಡು ನಿಮಿಷಕ್ಕೆ ನೋಟ್ಸ್ ಒದ್ದೆಯಾಯಿತು, ಮುಚ್ಚಿದರು. ಮರುದಿನವೂ ಅದೇ. ಅವರದು ತಪ್ಪಲ್ಲ. ಒದ್ದೆ ಬಟ್ಟೆಯಲ್ಲಿ ಚಳಿಗಾಳಿಗೆ ಐದು ಗಂಟೆ ಕೂರಿ ಅಂತ ಯಾವ ಬಾಯಲ್ಲಿ ಹೇಳುವುದು?

ಆಗ ನೆನಪಾದದ್ದು ನಮ್ಮ ಊರಿನ ಒಂದು ಚಟ. ಕೊಡಗಿನಲ್ಲಿ ತೋಟ ಇರುವ ಹೆಚ್ಚಿನ ಮನೆಗಳ ಅಂಗಳದಲ್ಲಿ ಮಳೆ ಅಳೆಯುವ ಡಬ್ಬಿ ಇರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಅದನ್ನು ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ, ಇಂಚು ಮತ್ತು ಸೆಂಟ್ಸ್ ಲೆಕ್ಕದಲ್ಲಿ, ನೂರು ಸೆಂಟ್ಸಿಗೆ ಒಂದು ಇಂಚು. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಾವು ಇಂಚು ಬಿಟ್ಟಿಲ್ಲ. ಇಬ್ಬರು ಸಿಕ್ಕಿದರೆ "ಊಟ ಆಯ್ತಾ" ಕೇಳುವ ಮೊದಲು "ನಿಮ್ಮಲ್ಲಿ ಎಷ್ಟು ಬಂತು?" ಅಂತ ಕೇಳುತ್ತೇವೆ. ಎರಡು ಇಂಚು ನಲವತ್ತು ಅಂತ ಒಬ್ಬರು ಹೇಳಿದರೆ ಇನ್ನೊಬ್ಬರು ಎರಡು ಅರುವತ್ತು ಅಂತ ಹೇಳದೆ ಬಿಡುವುದಿಲ್ಲ. ಮಳೆಯನ್ನು ನೂರರ ಲೆಕ್ಕದಲ್ಲಿ ಅಳೆಯುವ ಈ ಜನ ಕ್ಲಾಸಿನ ಗಾಳಿಯನ್ನು ಅಂದಾಜಿನಲ್ಲಿ ಬಿಟ್ಟಿದ್ದೇವಲ್ಲ ಅನಿಸಿತು.

ಗಾಳಿಯನ್ನು ಅಳೆಯಲು ಬರುತ್ತದೆ. ವೈರಸ್ಸನ್ನು ಅಳೆಯಲು ಆಗುವುದಿಲ್ಲ, ಆದರೆ ಇಂಗಾಲದ ಡೈಆಕ್ಸೈಡ್ ಅಳೆಯಬಹುದು. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ, ಅದನ್ನೇ ಪಿಪಿಎಂ ಅನ್ನುವುದು. ನಾವು ಬಿಡುವ ಉಸಿರಿನಲ್ಲಿ ಸುಮಾರು 40,000. ಕೋಣೆಯಲ್ಲಿ ಅಂಕಿ ಏರುತ್ತಾ ಹೋದರೆ ನಾವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದೇವೆ ಅಂತ ಅರ್ಥ. 800ರ ಆಚೀಚೆ ಇದ್ದರೆ ಪರವಾಗಿಲ್ಲ. ಇದು ಬಿಎಸ್ಸಿ ಮಕ್ಕಳಿಗೆ ಅರ್ಥವಾಗದ ಲೆಕ್ಕವೇನೂ ಅಲ್ಲ. ಒಂದು ಮೀಟರ್ ಆನ್‌ಲೈನಿನಲ್ಲಿ ತರಿಸಿದೆ, ನನ್ನ ದುಡ್ಡಿನಲ್ಲೇ. ಬಿಲ್ ಕೊಟ್ಟರೆ ಕಾಲೇಜು ಕೊಡುತ್ತದೆ ಅಂದಿದ್ದರು. ಬಿಲ್ ಇನ್ನೂ ನನ್ನ ಪರ್ಸಿನಲ್ಲಿದೆ.

ಮೊದಲ ದಿನ 48 ಮಕ್ಕಳು, ಕಿಟಕಿ ಎಲ್ಲ ಮುಚ್ಚಿದ್ದು, ಮೇಲೆ ಎರಡು ಸೀಲಿಂಗ್ ಫ್ಯಾನ್. ಮೀಟರನ್ನು ಮೇಜಿನ ಮೇಲೆ ಇಟ್ಟು ಯಾರಿಗೂ ಏನೂ ಹೇಳದೆ ಪಾಠ ಶುರು ಮಾಡಿದೆ. ಮಕ್ಕಳು ಬರುವ ಮೊದಲು 450 ಇತ್ತು. ಹತ್ತು ನಿಮಿಷಕ್ಕೆ ಸಾವಿರದ ಹತ್ತಿರ. ಮೂವತ್ತೈದು ನಿಮಿಷಕ್ಕೆ 1900. ಬೋರ್ಡಿನ ಮೇಲೆ ಲೆಕ್ಕ ಮಾಡಿಸಿದೆ. 1900ರಿಂದ 420 ಕಳೆದು 40,000ಕ್ಕೆ ಹೋಲಿಸಿದರೆ, ನಾವು ಎಳೆಯುವ ಪ್ರತಿ ನೂರು ಪಾಲು ಗಾಳಿಯಲ್ಲಿ ಸುಮಾರು ನಾಲ್ಕು ಪಾಲು ಇನ್ನೊಬ್ಬರ ಶ್ವಾಸಕೋಶದಿಂದ ಬಂದದ್ದು. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಆಮೇಲೆ ಹಿಂದಿನಿಂದ ಒಬ್ಬ, "ಮ್ಯಾಮ್, ಬೆಳ್ಳುಳ್ಳಿ ತಿಂದು ಬಂದವನು ಯಾರು ಅಂತ ಈಗ ಗೊತ್ತಾಯ್ತು" ಅಂದ. ಫ್ಯಾನ್ ತಿರುಗುತ್ತಿತ್ತಲ್ಲ ಅಂತ ಇನ್ನೊಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ಸೀಲಿಂಗ್ ಫ್ಯಾನ್ ಮಾಡುವುದು ಸಾರು ಕಲಸುವ ಸೌಟಿನ ಕೆಲಸ. ಪಾತ್ರೆಯಲ್ಲಿ ಇರುವುದನ್ನೇ ತಿರುಗಿಸುತ್ತದೆ, ಹೊಸದು ಸೇರಿಸುವುದಿಲ್ಲ.

ಅವತ್ತಿನಿಂದ ಮೀಟರ್ ನನ್ನ ಕೈತಪ್ಪಿತು. ಒಬ್ಬ ಹುಡುಗ, ಅವನ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆಯುತ್ತಾರೆ, ಅದೇ ಥರದ ಒಂದು ಉದ್ದ ಪುಸ್ತಕ ತಂದು ಗೆರೆ ಹಾಕಿದ. ತಾರೀಖು, ಕೋಣೆ, ಎಷ್ಟು ಜನ, ಎಷ್ಟು ಕಿಟಕಿ ತೆರೆದಿದೆ, ಮಳೆ ಎಷ್ಟು, ಮೀಟರ್ ಎಷ್ಟು. ಕ್ಯಾಂಟೀನು, ಲೈಬ್ರರಿ, ಸ್ಟಾಫ್ ರೂಮು, ಎಲ್ಲ ಕಡೆ ಹೋಗಿ ಅಳೆದರು. ಎಲ್ಲಕ್ಕಿಂತ ಕೆಟ್ಟದು ನಮ್ಮ ಸ್ಟಾಫ್ ರೂಮು. ಬಾಗಿಲು ಹಾಕಿ, ಹೀಟರ್ ಇಟ್ಟು, ಎಲ್ಲರೂ ಮಾಸ್ಕ್ ತೆಗೆದು ಕಾಫಿ ಕುಡಿಯುತ್ತಾ ಮಕ್ಕಳು ಶಿಸ್ತು ಪಾಲಿಸುವುದಿಲ್ಲ ಅಂತ ಮಾತಾಡುವ ಜಾಗ. ಅತ್ಯಂತ ಚೆನ್ನಾಗಿದ್ದದ್ದು ಕೆಮಿಸ್ಟ್ರಿ ಲ್ಯಾಬು. ಎತ್ತರದ ಮಾಡು, ಎರಡು ದೊಡ್ಡ ಎಕ್ಸಾಸ್ಟ್ ಫ್ಯಾನು, ಬ್ಯಾಚಿಗೆ ಹದಿನಾರೇ ಜನ. 700 ದಾಟಲೇ ಇಲ್ಲ. ತಮಾಷೆ ಏನೆಂದರೆ, ಅಪಾಯ ಅಂತ ಮೊಟ್ಟಮೊದಲು ನಿಲ್ಲಿಸಿದ್ದು ಪ್ರಾಕ್ಟಿಕಲ್ ಕ್ಲಾಸನ್ನೇ! ಪಿಪೆಟ್ ಮುಟ್ಟುತ್ತಾರೆ ಅಂತ. ಮುಚ್ಚಿದ ರೂಮಿನ ಥಿಯರಿ ಕ್ಲಾಸು ಮಾತ್ರ ಸುರಕ್ಷಿತ ಅಂತ ನಡೆಸಿದೆವು.

ಈಗ ಸ್ಕ್ರೂಡ್ರೈವರ್ ಕತೆ. ನಮ್ಮದು ಹಳೇ ಕಟ್ಟಡ. ಗೋಡೆಯ ಮೇಲ್ಭಾಗದಲ್ಲಿ, ಮಾಡಿನ ಕೆಳಗೆ, ಸಣ್ಣ ಸಣ್ಣ ಗಾಜಿನ ವೆಂಟಿಲೇಟರ್‌ಗಳಿವೆ, ನಡುವಿನಲ್ಲಿ ತಿರುಗಣೆ, ಹಗ್ಗ ಎಳೆದರೆ ತೆರೆಯುವಂಥವು. ಕಟ್ಟಿಸಿದ ಪುಣ್ಯಾತ್ಮರಿಗೆ ಈ ಊರಿನ ಮಳೆ ಗೊತ್ತಿತ್ತು. ಮಾಡು ಹೊರಗೆ ಚಾಚಿಕೊಂಡಿರುವುದರಿಂದ ಅಲ್ಲಿಗೆ ಎರಚಲು ಬೀಳುವುದಿಲ್ಲ, ಬಿಸಿ ಗಾಳಿ ಮೇಲೆ ಹೋಗಿ ತಾನೇ ಹೊರಗೆ ದಾಟುತ್ತದೆ. ಆದರೆ ಯಾವುದೋ ಕಾಲದಲ್ಲಿ ಗುಬ್ಬಚ್ಚಿ ಬರುತ್ತದೆ ಅಂತ ಮುಚ್ಚಿ, ಅದರ ಮೇಲೆ ನಾಲ್ಕು ಸಲ ಪೇಂಟ್ ಹೊಡೆದು, ಅದು ಗೋಡೆಯೇ ಆಗಿಹೋಗಿತ್ತು. ನಾನು ಅಲ್ಲಿ ಹದಿಮೂರು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಅದು ತೆರೆಯುವಂಥದ್ದು ಅಂತ ನನಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಅಟೆಂಡರ್ ಅಣ್ಣನಿಗೆ.

"ಇದು ತೆಗೀಲಿಕ್ಕೆ ಆಗ್ತದೆ ಮೇಡಂ, ನಾನು ಸೇರಿದಾಗ ಹಗ್ಗ ಇತ್ತು" ಅಂದರು. ಒಂದು ಶನಿವಾರ ಮಧ್ಯಾಹ್ನ ಏಣಿ ಹಾಕಿದೆವು. ಅವರು ಬ್ಲೇಡಿನಿಂದ ಪೇಂಟಿನ ಅಂಚನ್ನು ಕೊರೆದು, ಸ್ಕ್ರೂಡ್ರೈವರ್ ತುದಿಯನ್ನು ಸಂದಿಗೆ ತೂರಿಸಿ, ಅಂಗೈಯಿಂದ ಮೆಲ್ಲಗೆ ತಟ್ಟಿದರು. ಹಳದಿ, ಹಸಿರು, ಬಿಳಿ, ಮತ್ತೆ ಹಳದಿ, ಪೇಂಟಿನ ಪದರು ಪದರು ಉದುರಿ ನನ್ನ ತಲೆ ಮೇಲೆ ಬಿತ್ತು. ಮೊದಲನೆಯದು ಕಿರ್ ಅಂತ ತಿರುಗಿತು. ಎರಡನೆಯದರ ಹಿಂದೆ ಕಣಜದ ಗೂಡು. ಅಣ್ಣ ಏಣಿಯಿಂದ ಇಳಿದ ವೇಗ ನೋಡಬೇಕಿತ್ತು. ಪುಣ್ಯಕ್ಕೆ ಖಾಲಿ ಗೂಡು. ಸಂಜೆ ಹೊತ್ತಿಗೆ ಒಂದು ಕೋಣೆಯ ಆರೂ ವೆಂಟಿಲೇಟರ್ ತೆರೆದಿತ್ತು. ಸೋಮವಾರ ಅದೇ 48 ಜನ, ಕಿಟಕಿ ಮುಚ್ಚಿದ್ದರೂ ಮೀಟರ್ 1400ಕ್ಕೆ ನಿಂತಿತು.

ಸಾಲದು, ಆದರೆ ದಾರಿ ಸಿಕ್ಕಿತು. ಮಳೆ ಹೊಡೆಯುವ ಪಶ್ಚಿಮದ ಕಿಟಕಿಗಳಿಗೆ ಹೊರಗಿನಿಂದ ತಗಡಿನ ಶೀಟು ಇಳಿಜಾರಾಗಿ ಕಟ್ಟಿಸಿದೆವು, ದನದ ಕೊಟ್ಟಿಗೆಗೆ ಕಟ್ಟುತ್ತಾರಲ್ಲ, ಹಾಗೆ. ಶೀಟಿಗೆ ದುಡ್ಡು ಕೊಟ್ಟವರು ಒಬ್ಬ ವಿದ್ಯಾರ್ಥಿಯ ತಂದೆ. ಮ್ಯಾನೇಜ್‌ಮೆಂಟಿನವರು ಅದಕ್ಕೂ ಮೊದಲೇ ಸ್ಯಾನಿಟೈಸರ್ ಟನಲ್ಲಿಗೆ ಖರ್ಚು ಮಾಡಿ ಮುಗಿಸಿದ್ದರು. ಆ ಟನಲ್ ಈಗ ಸೈಕಲ್ ಸ್ಟ್ಯಾಂಡಿನ ಪಕ್ಕ ಬಳ್ಳಿ ಹಬ್ಬಿಸಿಕೊಂಡು ನಿಂತಿದೆ, ನೋಡಲು ಚೆನ್ನಾಗಿದೆ.

ಶೀಟು ಹಾಕಿದ ಮೇಲೆ ಕಿಟಕಿ ತೆರೆದಿಡಬಹುದಾಯಿತು. ಬೇರೆ ತೊಂದರೆ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಏನು ಸದ್ದು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಾನು ಕಿರುಚಿ ಪಾಠ ಮಾಡಬೇಕಾಯಿತು. ಜೋರಾಗಿ ಮಾತಾಡಿದಷ್ಟೂ ಬಾಯಿಂದ ಕಣಗಳು ಜಾಸ್ತಿ ಹೊರಗೆ ಬರುತ್ತವೆ, ಅಂದರೆ ಗಾಳಿ ಸರಿ ಮಾಡಲು ಹೋಗಿ ನಾನೇ ಕಾರ್ಖಾನೆ ಆದೆ. ಅದಕ್ಕೆ ಕೊರಳಿಗೆ ಸಣ್ಣ ಮೈಕು, ಸೊಂಟಕ್ಕೆ ಸ್ಪೀಕರ್ ಕಟ್ಟಿಕೊಂಡೆ, ಸಂತೆಯಲ್ಲಿ ಇಲಿ ಪಾಷಾಣ ಮಾರುವವರ ಹಾಗೆ. ಮಕ್ಕಳು ಇಟ್ಟ ಅಡ್ಡ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಟಲು ಉಳಿಯಿತು, ಮಾಸ್ಕಿನ ಒಳಗಿನಿಂದ ಮಾತಾಡಿದರೂ ಹಿಂದಿನ ಬೆಂಚಿಗೆ ಕೇಳಿಸಿತು. ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಟೈಮ್‌ಟೇಬಲ್ ಬದಲಿಸಿದ್ದು ಮೂರನೆಯದು. ಕ್ಲಾಸನ್ನು ಎರಡು ಭಾಗ ಮಾಡಿ ದಿನ ಬಿಟ್ಟು ದಿನ ಕರೆದೆವು. 24 ಜನ, ವೆಂಟಿಲೇಟರು, ಕಿಟಕಿ ಎರಡೂ ತೆರೆದು ಕೂತರೆ ಮೀಟರ್ 800ರ ಹತ್ತಿರ ನಿಲ್ಲುತ್ತಿತ್ತು. ಒಂದು ಗಂಟೆಯ ಪೀರಿಯಡ್ಡನ್ನು ನಲವತ್ತು ನಿಮಿಷಕ್ಕೆ ಇಳಿಸಿ, ನಡುವೆ ಹತ್ತು ನಿಮಿಷ ಎಲ್ಲರೂ ಜಗಲಿಗೆ. ಆ ಹತ್ತು ನಿಮಿಷದಲ್ಲಿ ಕೋಣೆ ತನ್ನಷ್ಟಕ್ಕೆ ಉಸಿರಾಡಿಕೊಳ್ಳುತ್ತದೆ. ಸಿಡಿಸಿ 2023ರ ಮೇ ತಿಂಗಳಲ್ಲಿ ಕೋಣೆಯ ಗಾಳಿ ಗಂಟೆಗೆ ಕನಿಷ್ಠ 5 ಸಲ ಬದಲಾಗಬೇಕು ಅಂತ ಹೇಳಿತು. ನಾವು ಆಗ ಮಾಡಿದ್ದು ಆ ಲೆಕ್ಕಕ್ಕೆ ಹತ್ತಿರ ಹತ್ತಿರ ಬರುತ್ತದೆ ಅಂತ ಆಮೇಲೆ ಪುಸ್ತಕ ಇಟ್ಟುಕೊಂಡು ಲೆಕ್ಕ ಹಾಕಿ ಖುಷಿಪಟ್ಟೆವು. ಒಂದೇ ಪಾಠವನ್ನು ಎರಡೆರಡು ಸಲ ಮಾಡಿ ನಮಗೆ ಸಾಕುಬೇಕಾಯಿತು ಅನ್ನುವುದೂ ನಿಜ. ಅದರಲ್ಲೂ ಅತಿಥಿ ಉಪನ್ಯಾಸಕರು, ಅವರಿಗೆ ಸಂಬಳವೇ ಸರಿಯಾಗಿ ಬರುತ್ತಿರಲಿಲ್ಲ, ಅವರೂ ಎರಡು ಸಲ ಮಾಡಿದರು.

ಮಾಸ್ಕ್ ವಿಷಯದಲ್ಲಿ ಒಂದೇ ಮಾತು. ಎನ್95 ಚೆನ್ನಾಗಿ ಸೋಸುತ್ತದೆ, ನಿಜ. ಆದರೆ ಮಳೆಯಲ್ಲಿ ನಡೆದು ಬಂದವನ ಬಟ್ಟೆ ಮಾಸ್ಕ್ ಒದ್ದೆ ಚಿಂದಿ, ಅದರಲ್ಲಿ ಉಸಿರಾಡಲು ಆಗುವುದಿಲ್ಲ, ತಕ್ಷಣ ಕೆಳಗೆ ಎಳೆಯುತ್ತಾನೆ. ಇಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗುವುದೇ ಇಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿ, ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ ಒಣಗಿಸುತ್ತೇವೆ. ಹಾಗಾಗಿ ಮಾಸ್ಕೆಲ್ಲ ಹೊಗೆ ವಾಸನೆ. ಕೊನೆಗೆ ನಾವು ಮಾಡಿದ್ದು ಇಷ್ಟು: ಬಾಗಿಲಲ್ಲಿ ಒಣ ಮಾಸ್ಕಿನ ಡಬ್ಬಿ ಇಟ್ಟೆವು, ಒಳಗೆ ಬರುವಾಗ ಒಂದು ತೆಗೆದುಕೊಳ್ಳಿ, ಪ್ರಶ್ನೆ ಇಲ್ಲ, ಫೈನ್ ಇಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಮೇಲಿನದೆಲ್ಲ ವ್ಯರ್ಥ. ಹಾಜರಾತಿ. ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಅಂತ ನಾವೇ ಹೆದರಿಸಿ ಇಟ್ಟಿದ್ದೆವು. ಆ ಹೆದರಿಕೆಗೆ ಮಕ್ಕಳು ಜ್ವರ ಬಂದರೂ ಡೋಲೋ ನುಂಗಿ ಬರುತ್ತಿದ್ದರು. ಗನ್ನಿಗೆ ಮೊದಲೇ ಎಲ್ಲ 34, ಮಾತ್ರೆ ನುಂಗಿದವನೂ 34. ಇದನ್ನು ನನಗೆ ಹೇಳಿದ್ದು ಒಬ್ಬ ಹುಡುಗಿ, ಅದೂ ಮೂರು ತಿಂಗಳು ಬಿಟ್ಟು. "ಮ್ಯಾಮ್, ನನಗೆ ಆವತ್ತು ಮೈಯೆಲ್ಲ ನೋವು, ಆದ್ರೆ ಅಟೆಂಡೆನ್ಸ್ 71 ಇತ್ತಲ್ಲ" ಅಂದಳು. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಅವತ್ತೇ ಮಾತಾಡಿಕೊಂಡೆವು. ಜ್ವರ ಅಂತ ಒಂದು ಮೆಸೇಜ್ ಹಾಕಿದರೆ ಸಾಕು, ಡಾಕ್ಟರ್ ಚೀಟಿ ಬೇಡ, ಆ ದಿನದ ನೋಟ್ಸ್ ಫೋನಿಗೆ ಬರುತ್ತದೆ, ಹಾಜರಾತಿ ಸರಿ ಮಾಡುವುದು ನಮ್ಮ ತಲೆನೋವು. ಸುಳ್ಳು ಹೇಳಿ ರಜೆ ಹಾಕಿದವರು ಇರಲಿಲ್ಲವಾ? ಇದ್ದರು. ನನಗೆ ಗೊತ್ತಿದ್ದ ಹಾಗೆ ಮೂರು ಜನ, ಅದರಲ್ಲಿ ಒಬ್ಬ ಹಾಕಿ ಆಡಲು ಹೋಗಿದ್ದ. ಹೋಗಲಿ ಬಿಡಿ.

ಗಡಿಯಾಚೆಯ ಮಕ್ಕಳ ಪಾಡು ಬೇರೆಯೇ. ಕೇರಳದ ಇರಿಟ್ಟಿ ಕಡೆಯಿಂದ ಮಾಕುಟ್ಟ ಚೆಕ್‌ಪೋಸ್ಟ್ ದಾಟಿ ಬರುವವರಿಗೆ 2021ರ ಫೆಬ್ರವರಿಯಿಂದ 72 ಗಂಟೆಯ ಒಳಗಿನ ಟೆಸ್ಟ್ ರಿಪೋರ್ಟ್ ಬೇಕಾಗಿತ್ತು. ದಿನಾ ಕ್ಲಾಸಿಗೆ ಬರುವವನು ಮೂರು ದಿನಕ್ಕೊಮ್ಮೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳುವುದಾ? ಇಬ್ಬರು ಇಲ್ಲೇ ನೆಂಟರ ಮನೆಯಲ್ಲಿ ಉಳಿದರು. ಒಬ್ಬ ಓದು ಬಿಟ್ಟ. ಅವನನ್ನು ನಾವು ಸರಿಯಾಗಿ ಹುಡುಕಲಿಲ್ಲ, ಫೋನ್ ಮಾಡಿದೆ, ಎತ್ತಲಿಲ್ಲ, ಮತ್ತೆ ಮಾಡಲಿಲ್ಲ. ಅದು ನನ್ನ ತಪ್ಪು.

ಮತ್ತೆ ಬಸ್ಸು. ಅದನ್ನು ಮಾತ್ರ ನಮ್ಮ ಕೈಯಲ್ಲಿ ಏನೂ ಮಾಡಲು ಆಗಲಿಲ್ಲ. ಒಂದು ದಿನ ಮಳೆ ಪುಸ್ತಕದ ಹುಡುಗ ಮೀಟರನ್ನು ಬ್ಯಾಗಿನಲ್ಲಿ ಹಾಕಿಕೊಂಡು ಮನೆಗೆ ಹೋದ. ಸಂಜೆಯ ಬಸ್ಸು, ಕೂತವರಿಗಿಂತ ನಿಂತವರು ಜಾಸ್ತಿ, ಮಳೆಗೆ ಎಲ್ಲ ಶಟರ್ ಇಳಿಸಿದ್ದಾರೆ. ಮರುದಿನ ಬಂದು ಪುಸ್ತಕ ತೋರಿಸಿದ. ಬಸ್ಸು ಹೊರಟು ಇಪ್ಪತ್ತು ನಿಮಿಷಕ್ಕೆ 3800. ಕ್ಲಾಸಿನಲ್ಲಿ ನಾವು ಐದು ಗಂಟೆ ಪಟ್ಟ ಪಾಡನ್ನೆಲ್ಲ ಆ ಬಸ್ಸು ಅರ್ಧ ಗಂಟೆಯಲ್ಲಿ ತೊಳೆದು ಹಾಕುತ್ತಿತ್ತು. ಕಾಲೇಜು ಬಿಡುವ ಟೈಮನ್ನು ಹೈಸ್ಕೂಲಿಗಿಂತ ನಲವತ್ತು ನಿಮಿಷ ಮುಂದೆ ಹಾಕಿಸಿದೆವು, ಒಂದು ಬಸ್ಸಿನ ಜನ ಎರಡು ಬಸ್ಸಿಗೆ ಹಂಚಿಹೋಗಲಿ ಅಂತ. ಸ್ವಲ್ಪ ಕಡಿಮೆಯಾಯಿತು. ಡ್ರೈವರ್ ತಲೆ ಹಿಂದಿನ ಒಂದು ಶಟರ್, ಕೊನೆಯ ಒಂದು ಶಟರ್ ನಾಲ್ಕು ಬೆರಳು ಎತ್ತಿಡಿ ಅಂತ ಮಕ್ಕಳಿಗೆ ಹೇಳಿದ್ದೆ. ಎತ್ತಿದ್ದಕ್ಕೆ ಒಬ್ಬರು ಅಜ್ಜಿ ಬೈದರಂತೆ, "ಮೊದಲೇ ನೆಗಡಿ, ನಿಮ್ಮ ಮೇಡಂಗೆ ಬೇರೆ ಕೆಲಸ ಇಲ್ವಾ" ಅಂತ.

ಇಷ್ಟೆಲ್ಲ ಮಾಡಿದ್ದಕ್ಕೆ ನಮ್ಮಲ್ಲಿ ಯಾರಿಗೂ ಬರಲಿಲ್ಲವಾ ಅಂದರೆ, ಬಂತು. 2022ರ ಜನವರಿಯಲ್ಲಿ ಓಮಿಕ್ರಾನ್ ಬಂದಾಗ ಅರ್ಧ ಸ್ಟಾಫ್ ರೂಮು ಒಂದೇ ವಾರ ಮಲಗಿತು, ನಾನೂ ಸೇರಿ. ಮಕ್ಕಳಲ್ಲಿ ಅಷ್ಟೊಂದು ಇರಲಿಲ್ಲ. ಅದಕ್ಕೆ ವೆಂಟಿಲೇಟರ್ ಕಾರಣವಾ, ಲಸಿಕೆ ಕಾರಣವಾ, ವಯಸ್ಸು ಕಾರಣವಾ, ನಮ್ಮ ಪುಸ್ತಕದಿಂದ ಹೇಳಲು ಬರುವುದಿಲ್ಲ.

ನ್ಯಾಕ್ ಫೈಲಿಗೆ ಆ ಪುಸ್ತಕದ ಒಂದು ಪುಟ ಹಾಕಲಾ ಅಂತ ಪ್ರಿನ್ಸಿಪಾಲರನ್ನು ಕೇಳಿದೆ. "ಅದರಲ್ಲಿ ಸ್ಟಾಫ್ ರೂಮ್ ರೀಡಿಂಗ್ ಇದೆಯಾ?" ಅಂತ ಕೇಳಿದರು. ಇದೆ ಅಂದೆ. ಬೇಡ ಬಿಡಿ ಅಂದರು.

ಆ ಹುಡುಗ ಈಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ, ಪುಸ್ತಕ ನನ್ನ ಬೀರುವಿನಲ್ಲಿದೆ. ಮೀಟರ್ ತೆಗೆದು ಧೂಳು ಒರೆಸಿ ಚಾರ್ಜ್ ಮಾಡಿದೆ, ಇನ್ನೂ ಓಡುತ್ತದೆ. ನಿನ್ನೆ ಸೆಕೆಂಡ್ ಬಿಎಸ್ಸಿ, 44 ಜನ, ಮಳೆ ಒಂದು ಇಂಚು ಎಂಬತ್ತು, ಮೀಟರ್ 1650. ಮೇಲೆ ನೋಡಿದರೆ ಆರೂ ವೆಂಟಿಲೇಟರ್ ಮುಚ್ಚಿದೆ. ಬೇಸಿಗೆ ರಜೆಯಲ್ಲಿ ಕಟ್ಟಡಕ್ಕೆ ಹೊಸ ಪೇಂಟ್ ಹೊಡೆಸಿದ್ದಾರೆ. ಅಟೆಂಡರ್ ಅಣ್ಣ ರಿಟೈರ್ ಆಗಿದ್ದಾರೆ, ಫೋನ್ ಮಾಡಿದೆ. ಶನಿವಾರ ಬರುತ್ತಾರಂತೆ, ಏಣಿ ರೆಡಿ ಇಡಿ ಅಂದರು.